ಒಂದೇ ದಿಂಬು

"ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?" ಎಂದು ವೈದ್ಯರು ಕೇಳಿದಾಗಲೆಲ್ಲ ಅಕ್ಕ "ಒಂದೇ" ಎನ್ನುತ್ತಿದ್ದಳು. ಸರಿಯುತ್ತರ ಹೇಳಿದ ಶಾಲೆಯ ಮಗುವಿನ ಸಣ್ಣ ಹೆಮ್ಮೆ ಆ ದನಿಯಲ್ಲಿ ಇರುತ್ತಿತ್ತು. ಪಕ್ಕದಲ್ಲಿ ಕುಳಿತ ನನಗೂ ಸಮಾಧಾನ, ಕೇಳಿದವರ ಮುಖವೂ ಸಡಿಲ. ಹೃದಯ ಸೋತವರಿಗೆ ನೆಟ್ಟಗೆ ಮಲಗಲು ಆಗುವುದಿಲ್ಲ. ಶ್ವಾಸಕೋಶದಲ್ಲಿ ನೀರು ಸೇರಿ ಉಸಿರು ಕಟ್ಟುತ್ತದೆ, ಎರಡು ಮೂರು ದಿಂಬು ಪೇರಿಸಿಕೊಂಡು ಒರಗಿಯೇ ಬೆಳಗು ಮಾಡುತ್ತಾರೆ. ಒಂದು ದಿಂಬು ಸಾಕು ಎಂದರೆ ತೊಂದರೆ ಬೇರೆಲ್ಲೋ ಇದೆ ಎಂದು ಅರ್ಥ. ಹಾಗೆಂದುಕೊಂಡು ಬೇರೆಲ್ಲೋ ಹುಡುಕಿದೆವು. ಆ ಒಂದು ದಿಂಬು ನಮ್ಮ ಎಂಟು ತಿಂಗಳನ್ನು ನುಂಗಿತು.

ಅವಳಿಗೆ ಆಗ ಮೂವತ್ತೆಂಟು. ಹೊಟ್ಟೆ ಊದಿತ್ತು, ಸಂಜೆಯ ಹೊತ್ತಿಗೆ ಕಾಲು ಬಾತು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿಯುತ್ತಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ಸ್ಕ್ಯಾನ್ ಮಾಡಿಸಿದರೆ ಲಿವರ್ ದೊಡ್ಡದಾಗಿದೆ, ಹೊಟ್ಟೆಯಲ್ಲಿ ನೀರಿದೆ ಎಂದು ಬಂತು. ಒಬ್ಬ ವೈದ್ಯರು ಭಾವನನ್ನೂ ನನ್ನನ್ನೂ ಹೊರಗೆ ಕಳುಹಿಸಿ, ಬಾಗಿಲು ಹಾಕಿ, "ನೀವು ಕುಡಿಯುತ್ತೀರಾ? ನನ್ನ ಬಳಿ ಮುಚ್ಚಿಡಬೇಡಿ" ಎಂದು ಕೇಳಿದರಂತೆ. ಕೆಮ್ಮಿನ ಔಷಧದಲ್ಲಿ ಆಲ್ಕೋಹಾಲ್ ಇದೆಯೇ ಎಂದು ಚೀಟಿ ಓದಿ ಕುಡಿಯುವವಳು ನಮ್ಮ ಅಕ್ಕ. ಹೊರಗೆ ಬಂದು ಅವಳು ನಗುತ್ತಲೇ ಹೇಳಿದಳು. ಮನೆಗೆ ಬಂದ ಮೇಲೆ ಅತ್ತಳು. ಆ ವೈದ್ಯರ ಮೇಲೆ ನನಗೆ ಈಗ ಕೋಪವಿಲ್ಲ. ಅವರ ಮುಂದಿದ್ದ ಕಾಗದ ಲಿವರ್ ಎಂದು ಹೇಳುತ್ತಿತ್ತು, ದಿಂಬು ಹೃದಯ ಅಲ್ಲ ಎಂದು ಹೇಳುತ್ತಿತ್ತು. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೇ ಅವಳ ಮಂಡಿ, ಮಣಿಕಟ್ಟುಗಳು ಒಂದಾದ ಮೇಲೊಂದರಂತೆ ಬಾತು ಒಂದು ತಿಂಗಳು ಶಾಲೆ ತಪ್ಪಿದ್ದನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಬೆಳೆಯುವ ಮಕ್ಕಳಿಗೆ ಕೈಕಾಲು ನೋವು ಇದ್ದದ್ದೇ ಎಂದು ಅಂದು ಎಲ್ಲರೂ ಮರೆತುಬಿಟ್ಟಿದ್ದ ಸಂಗತಿ ಅದು.

ಕೊನೆಗೆ ಗುರುತು ಹಿಡಿದ ವೈದ್ಯೆ ಮೊದಲು ನೋಡಿದ್ದು ಹೊಟ್ಟೆಯನ್ನಲ್ಲ, ಕುತ್ತಿಗೆಯನ್ನು. ಮಂಚದ ತಲೆಭಾಗವನ್ನು ಅರ್ಧಕ್ಕೆ ಎತ್ತಿದರು, ಅಕ್ಕನ ಗದ್ದವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದರು, ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು. ಚರ್ಮದ ಮೇಲೆ ನೆರಳು ಬಿತ್ತು, ಆ ನೆರಳು ಕುಣಿಯುತ್ತಿತ್ತು. "ನೀವು ಇವರ ನಾಡಿ ಹಿಡಿದುಕೊಳ್ಳಿ, ಕಣ್ಣು ಮಾತ್ರ ಇಲ್ಲಿರಲಿ" ಎಂದರು ನನಗೆ. ಮಣಿಕಟ್ಟಿನಲ್ಲಿ ನಾಡಿ ಬಡಿಯುವುದಕ್ಕೆ ತುಸು ಮೊದಲೇ ಕುತ್ತಿಗೆಯಲ್ಲಿ ಏನೋ ಚಿಮ್ಮಿ ಇಳಿಯುತ್ತಿತ್ತು. ಪ್ರತಿ ಸಲವೂ ಮೊದಲು ಕುತ್ತಿಗೆ, ಆಮೇಲೆ ಕೈ. ಹೃದಯದ ಬಲಗಡೆಯ ಮೇಲಿನ ಕೋಣೆ ಕೆಳಗಿನ ಕೋಣೆಗೆ ರಕ್ತ ತಳ್ಳಲು ಹಿಂಡಿಕೊಂಡಾಗ, ನಡುವಿನ ಕವಾಟ ಸರಿಯಾಗಿ ತೆರೆಯದೆ, ಆ ಹೊಡೆತ ಹಿಂದಕ್ಕೆ ತಿರುಗಿ ಕುತ್ತಿಗೆಯ ನರಕ್ಕೆ ಬಡಿಯುತ್ತದೆ ಎಂದು ಅವರು ವಿವರಿಸಿದರು. ಆಮೇಲೆ ಸ್ಟೆತಾಸ್ಕೋಪನ್ನು ಎದೆಮೂಳೆಯ ಎಡ ಅಂಚಿಗೆ ಇಟ್ಟು, ಕಿವಿಗೆ ಹಾಕುವ ತುದಿಯನ್ನು ನನಗೆ ಕೊಟ್ಟು, ಅಕ್ಕನಿಗೆ ದೀರ್ಘವಾಗಿ ಉಸಿರು ಎಳೆದುಕೊಳ್ಳಲು ಹೇಳಿದರು. ಪಕ್ಕದ ಕೋಣೆಯಲ್ಲಿ ಯಾರೋ ಬೀಸುವ ಕಲ್ಲನ್ನು ಮೆಲ್ಲಗೆ ತಿರುಗಿಸಿದಂಥ ಸದ್ದು. ಉಸಿರು ಒಳಗೆ ಹೋದಷ್ಟೂ ಜೋರಾಯಿತು, ಬಿಟ್ಟಾಗ ಕರಗಿತು. ಉಸಿರೆಳೆದಾಗ ಬಲಗಡೆಗೆ ರಕ್ತ ಹೆಚ್ಚು ಬರುತ್ತದೆ, ಆದ್ದರಿಂದ ಸದ್ದು ಏರುತ್ತದೆ. ಎಡಗಡೆಯ ಕವಾಟದ ಸದ್ದಾಗಿದ್ದರೆ ಹೀಗೆ ಏರುತ್ತಿರಲಿಲ್ಲ.

ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದಾಗ ಎರಡೂ ಸಿಕ್ಕವು. ಎಡಗಡೆಯ ಮೈಟ್ರಲ್ ಕವಾಟ ಕಿರಿದಾಗಿತ್ತು, ಬಲಗಡೆಯ ಟ್ರೈಕಸ್ಪಿಡ್ ಕವಾಟವೂ ಕಿರಿದಾಗಿತ್ತು. ಚಿಕ್ಕಂದಿನ ಆ ಕೀಲುಬಾವು ರುಮ್ಯಾಟಿಕ್ ಜ್ವರ, ಗಂಟಲಿನ ಸೋಂಕಿನ ಬೆನ್ನಿಗೆ ಬಂದು ಹೃದಯದ ಕವಾಟಗಳನ್ನು ಕೆಡಿಸುವಂಥದ್ದು. ಅದರಿಂದ ಟ್ರೈಕಸ್ಪಿಡ್ ಕಿರಿದಾಗಿದ್ದರೆ ಮೈಟ್ರಲ್ ಕೂಡ ಹೆಚ್ಚುಕಡಿಮೆ ಯಾವಾಗಲೂ ಕೆಟ್ಟೇ ಇರುತ್ತದೆಯಂತೆ. ದಿಂಬಿನ ಒಗಟು ಬಿಡಿಸಿಕೊಂಡದ್ದು ಅಲ್ಲಿ. ಮೈಟ್ರಲ್ ಒಂದೇ ಕಿರಿದಾಗಿದ್ದರೆ ರಕ್ತ ಶ್ವಾಸಕೋಶದಲ್ಲಿ ಕಟ್ಟಿಕೊಂಡು ಅಕ್ಕ ಮೂರು ದಿಂಬಿನ ಮೇಲೆ ಏದುಸಿರು ಬಿಡುತ್ತ ಕೂತಿರಬೇಕಿತ್ತು. ಅದಕ್ಕೂ ಮೊದಲೇ ಟ್ರೈಕಸ್ಪಿಡ್ ಇನ್ನೊಂದು ಅಡ್ಡಗಟ್ಟೆಯಾಗಿ ನಿಂತಿದ್ದರಿಂದ ಶ್ವಾಸಕೋಶಕ್ಕೆ ರಕ್ತವೇ ಕಡಿಮೆ ಹೋಗುತ್ತಿತ್ತು. ಶ್ವಾಸಕೋಶ ಬಚಾವಾಯಿತು, ಅದರ ಪಾಲನ್ನು ಲಿವರ್, ಹೊಟ್ಟೆ, ಕಾಲುಗಳು ಹೊತ್ತುಕೊಂಡವು. ಒಂದು ರೋಗ ಇನ್ನೊಂದರ ಲಕ್ಷಣವನ್ನು ಅಳಿಸಿ ಹಾಕಿ, ನಮ್ಮ ಕೈಗೆ ಹುಸಿ ಸಮಾಧಾನವನ್ನು ಕೊಟ್ಟಿತ್ತು. ಬಲಗಡೆಯ ಕವಾಟವೊಂದನ್ನೇ ಬಿಡಿಸಿದರೆ ಗತಿಯೇನು ಎಂದು ಕೇಳಿದೆ. "ತಡೆದಿದ್ದ ರಕ್ತ ಒಮ್ಮೆಗೇ ಶ್ವಾಸಕೋಶಕ್ಕೆ ನುಗ್ಗುತ್ತದೆ. ಮುಂದಿನ ಬಾಗಿಲು ಇನ್ನೂ ಮುಚ್ಚಿಯೇ ಇರುತ್ತದಲ್ಲ" ಎಂದರು. ಮಾಡುವುದಾದರೆ ಎರಡನ್ನೂ ಒಟ್ಟಿಗೇ ಮಾಡಬೇಕು. ಅದಕ್ಕೆ ಅವಳ ದೇಹ ಇನ್ನೂ ಸಿದ್ಧವಿಲ್ಲ, ಮೊದಲು ಕೆಲವು ತಿಂಗಳು ಔಷಧ.

ಏಳು ಎಂಬ ಅಂಕಿ

ಎಕೋ ವರದಿಯಲ್ಲಿ ಟ್ರೈಕಸ್ಪಿಡ್‌ನ ಎದುರಿಗೆ, ಕವಾಟದ ಹಿಂದುಮುಂದಿನ ಸರಾಸರಿ ಒತ್ತಡ ವ್ಯತ್ಯಾಸ 7 ಮಿಲಿಮೀಟರ್ ಪಾದರಸ ಎಂದು ಬರೆದಿತ್ತು. 5 ದಾಟಿದರೆ ತೀವ್ರ ಎಂದು ಲೆಕ್ಕ. ಭಾವ ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ತೋಳಿಗೆ ಪಟ್ಟಿ ಕಟ್ಟಿದರೆ 110 ತೋರಿಸುತ್ತದೆ. ಈ ಏಳಕ್ಕೆ ಇಷ್ಟೊಂದು ರಗಳೆಯೇ?" ಎಂದರು. ನನಗೂ ಹಾಗೇ ಅನ್ನಿಸಿತ್ತು. ನಾವು ಒತ್ತಡ ಎಂದಾಗ ತಲೆಯಲ್ಲಿ ಬರುವುದು ಅಪಧಮನಿಗಳ ಒತ್ತಡ. ಸಿರೆಗಳ ಲೋಕವೇ ಬೇರೆ. ಇಡೀ ದೇಹವನ್ನು ಸುತ್ತಿ ದಣಿದು ಹೃದಯದ ಬಲಗಡೆಗೆ ಮರಳುವ ರಕ್ತದಲ್ಲಿ ಉಳಿದಿರುವ ಒತ್ತಡ ಬೆರಳೆಣಿಕೆಯಷ್ಟು ಮಿಲಿಮೀಟರ್ ಮಾತ್ರ. ಅಷ್ಟೇ ಸಾಕಾಗಲಿ ಎಂದೇ ನಾಲ್ಕು ಕವಾಟಗಳಲ್ಲಿ ಇದನ್ನು ಅತಿ ಅಗಲವಾಗಿ ಮಾಡಿಟ್ಟಂತಿದೆ. ಅದು ಒಂದು ಚದರ ಸೆಂಟಿಮೀಟರಿಗೆ, ಅಂದರೆ ಅಂಗಿಯ ಗುಂಡಿಯಷ್ಟಕ್ಕೆ ಇಳಿದಾಗ, ರಕ್ತವನ್ನು ದಾಟಿಸಲು ಬೇಕಾಗುವ ಹೆಚ್ಚುವರಿ ಏಳು ಮಿಲಿಮೀಟರನ್ನು ದೇಹ ಎಲ್ಲಿಂದ ತರಬೇಕು? ನೀರು ಕೂಡಿಡಬೇಕು. ಮೂತ್ರಪಿಂಡ ಉಪ್ಪನ್ನು ಬಿಗಿಹಿಡಿಯುತ್ತದೆ, ಉಪ್ಪಿನ ಹಿಂದೆ ನೀರು ನಿಲ್ಲುತ್ತದೆ, ಸಿರೆಗಳು ತುಂಬುತ್ತವೆ, ಕವಾಟದ ಹಿಂದೆ ಮಟ್ಟ ಏರುತ್ತದೆ, ಆಗ ರಕ್ತ ಆ ಕಿಂಡಿಯಲ್ಲಿ ತೂರಿಕೊಳ್ಳುತ್ತದೆ. ಕಾಲಿನ ಬಾವು ಎಂದರೆ ಆ ಮಟ್ಟ ದಡ ಮೀರಿದ ಗುರುತು.

ಕಿಂಡಿಯ ಲೆಕ್ಕ ಇನ್ನೂ ಕ್ರೂರವಾಗಿದೆ. ಕವಾಟದ ಅಳತೆಗೆ ವೈದ್ಯರು ಬಳಸುವ ಗೋರ್ಲಿನ್ ಸೂತ್ರ 1951ರದ್ದು. ನೀರಿನ ಹರಿವಿನ ವಿಜ್ಞಾನದಿಂದ ಎತ್ತಿಕೊಂಡದ್ದು. ಅದರ ಪ್ರಕಾರ ಕಿರಿದಾದ ಕಿಂಡಿಯಲ್ಲಿ ಎರಡರಷ್ಟು ರಕ್ತ ಸಾಗಿಸಬೇಕಾದರೆ ನಾಲ್ಕರಷ್ಟು ಒತ್ತಡ ಬೇಕು. ಕುಳಿತಿದ್ದಾಗ ಏಳು ಸಾಕಾಗುವವಳಿಗೆ, ಮೆಟ್ಟಿಲು ಹತ್ತಲು ಹರಿವು ದುಪ್ಪಟ್ಟಾಗಬೇಕೆಂದರೆ ಇಪ್ಪತ್ತೆಂಟು ಬೇಕು. ಸಿರೆಗಳಿಗೆ ಅಷ್ಟು ತಾಕತ್ತಿಲ್ಲ. "ನನಗೆ ಸೋಮಾರಿತನ ಹೆಚ್ಚಾಗಿದೆ" ಎಂದು ಅಕ್ಕ ತನ್ನನ್ನೇ ಬೈದುಕೊಳ್ಳುತ್ತಿದ್ದದ್ದು ಈ ವರ್ಗಮೂಲದ ಲೆಕ್ಕಕ್ಕೆ.

"ಕವಾಟ ಬಿಡಿಸುವ ಮಾತ್ರೆ ಯಾವುದು?" ಎಂದು ನೋಡಲು ಬಂದವರೆಲ್ಲ ಕೇಳುತ್ತಿದ್ದರು. ಅಂಥ ಮಾತ್ರೆ ಇಲ್ಲ. ಅಂಟಿಕೊಂಡ ಎಸಳುಗಳನ್ನು ಯಾವ ರಾಸಾಯನಿಕವೂ ಬಿಡಿಸುವುದಿಲ್ಲ. ಮಾತ್ರೆ ಮಾಡುವುದೆಲ್ಲ ಕವಾಟದ ಹಿಂದುಮುಂದಿನ ಕೆಲಸ: ಹಿಂದೆ ನಿಂತ ನೀರನ್ನು ಇಳಿಸುವುದು, ಬಾಗಿಲು ತೆರೆದಿರುವ ಸಮಯವನ್ನು ಲಂಬಿಸುವುದು, ನಿಂತ ರಕ್ತ ಹೆಪ್ಪುಗಟ್ಟದಂತೆ ಕಾಯುವುದು, ಆ ಹಳೆಯ ಜ್ವರ ಮತ್ತೆ ಬಂದು ಇದ್ದದ್ದನ್ನೂ ಕೆಡಿಸದಂತೆ ನೋಡಿಕೊಳ್ಳುವುದು. ಕೊನೆಯದಕ್ಕೆ ಪೆನಿಸಿಲಿನ್. ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಸೊಂಟಕ್ಕೆ ಕೊಡುವ 12 ಲಕ್ಷ ಯೂನಿಟ್‌ನ ಚುಚ್ಚುಮದ್ದು ಅದು. ಕವಾಟ ಇಷ್ಟು ಕೆಟ್ಟವರಲ್ಲಿ ಚುಚ್ಚಿದ ಕೂಡಲೇ ರಕ್ತದೊತ್ತಡ ಕುಸಿಯುವ ಅಪಾಯವಿದೆಯೆಂದು ಅಕ್ಕನಿಗೆ ದಿನಕ್ಕೆರಡು ಮಾತ್ರೆ ಕೊಟ್ಟರು. ಸೂಜಿ ತಪ್ಪಿತಲ್ಲ ಎಂದು ಅವಳು ಖುಷಿಪಟ್ಟಳು. ಈ ಇಡೀ ಕಾಯಿಲೆಯಲ್ಲಿ ಅವಳಿಗೆ ಸಿಕ್ಕ ಒಂದೇ ರಿಯಾಯಿತಿ.

ನೀರಿನ ಮಾತ್ರೆ ಮತ್ತು ನನ್ನ ನೋಟ್‌ಬುಕ್

ಮನೆಯಲ್ಲಿ ಅದರ ಹೆಸರು ನೀರಿನ ಮಾತ್ರೆ. ಫ್ಯೂರೊಸೆಮೈಡ್ ಎನ್ನುವಷ್ಟರಲ್ಲಿ ಅಕ್ಕ ಬಚ್ಚಲಿಗೆ ಓಡಿರುತ್ತಿದ್ದಳು. ಲೇಸಿಕ್ಸ್ ಎಂಬ ಅದರ ಪ್ರಸಿದ್ಧ ಹೆಸರು 'ಆರು ಗಂಟೆ ಬಾಳುತ್ತದೆ' ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದ ಬಂದದ್ದಂತೆ. ಬೆಳಗ್ಗೆ ಎಂಟಕ್ಕೆ ನುಂಗಿದರೆ ಮಧ್ಯಾಹ್ನ ಎರಡರ ತನಕ ಮನೆ ಬಿಟ್ಟು ಕದಲುವಂತಿಲ್ಲ. ಜೊತೆಗೆ ಸ್ಪೈರೊನೊಲ್ಯಾಕ್ಟೋನ್, ಒಂದು ಪೊಟ್ಯಾಸಿಯಂ ಕಳೆಯುತ್ತದೆ, ಇನ್ನೊಂದು ಉಳಿಸುತ್ತದೆ. ಉಪ್ಪು ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. ಮೊದಲ ಹತ್ತು ದಿನ ಮಾತ್ರೆ ಅಷ್ಟಾಗಿ ಕೆಲಸ ಮಾಡಲಿಲ್ಲ. ಕರುಳೇ ಬಾತಿರುವಾಗ ನುಂಗಿದ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಇರಿಸಿಕೊಂಡು ಅದನ್ನೇ ನರಕ್ಕೆ ಕೊಟ್ಟರು. ಆಮೇಲೆ ಮಾತ್ರೆಗೂ ದಾರಿ ಬಿಟ್ಟಿತು.

(ಈ ಮಾತ್ರೆಗಳ ಹಿಂದಿನ ಕಥೆ ಓದಿದಾಗ ನನ್ನ ದೂರುಗಳು ಕಡಿಮೆಯಾದವು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾತ ಕಾಲಿಗೆ ಸಣ್ಣ ಲೋಹದ ನಳಿಗೆ ಚುಚ್ಚಿ ನೀರನ್ನು ತೊಟ್ಟಿಕ್ಕಿಸುತ್ತಿದ್ದರು. 1919ರಲ್ಲಿ ವಿಯೆನ್ನಾದಲ್ಲಿ ಸಿಫಿಲಿಸ್‌ಗೆಂದು ಪಾದರಸದ ಚುಚ್ಚುಮದ್ದು ಕೊಟ್ಟ ರೋಗಿಯೊಬ್ಬಳ ಮೂತ್ರದ ಅಳತೆ ಏಕಾಏಕಿ ಏರಿದ್ದನ್ನು ಆಲ್‌ಫ್ರೆಡ್ ವೋಗ್ಲ್ ಎಂಬ ವೈದ್ಯವಿದ್ಯಾರ್ಥಿ ಗಮನಿಸಿದ. ಅಲ್ಲಿಂದ ಮುಂದಿನ ಹಲವು ದಶಕ ಹೃದಯದ ರೋಗಿಗಳಿಗೆ ನೀರಿಳಿಸಲು ಕೊಡುತ್ತಿದ್ದದ್ದು ಪಾದರಸವನ್ನೇ. ಫ್ಯೂರೊಸೆಮೈಡ್ ಬಂದದ್ದು 1960ರ ದಶಕದಲ್ಲಿ. ಆ ವಾರ್ಡಿನಲ್ಲಿ ಮೂತ್ರ ಅಳೆದು ಬರೆದಿಟ್ಟವರ ಮೇಲೆ ನನಗೆ ವಿಶೇಷ ಅಭಿಮಾನ.)

ಏಕೆಂದರೆ ಅಳೆದು ಬರೆಯುವ ಕೆಲಸ ನಮ್ಮ ಮನೆಯಲ್ಲಿ ನನ್ನದಾಗಿತ್ತು. ಬೆಳಗ್ಗೆ ಎದ್ದು, ಬಚ್ಚಲಿಗೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು, ಹಗುರವಾದ ಒಂದೇ ಬಗೆಯ ಬಟ್ಟೆಯಲ್ಲಿ ಅಕ್ಕ ತೂಕದ ಯಂತ್ರ ಹತ್ತುತ್ತಿದ್ದಳು. ನಾನು ಬಗ್ಗಿ ಓದುತ್ತಿದ್ದೆ. ಹೊಟ್ಟೆ ಅಡ್ಡ ಬಂದು ಅವಳಿಗೆ ಅಂಕಿ ಕಾಣುತ್ತಿರಲಿಲ್ಲ. ಮೊದಲ ಪುಟದಲ್ಲಿ 64.2 ಕಿಲೋ. ಒಂದು ಕಿಲೋ ಎಂದರೆ ಒಂದು ಲೀಟರ್ ನೀರು ಎಂದು ವೈದ್ಯೆ ಹೇಳಿದ್ದರು. 58ಕ್ಕೆ ಬಂದ ಕೂಡಲೇ ಫೋನ್ ಮಾಡಿ, ಮಾತ್ರೆಯನ್ನು ಅರ್ಧಕ್ಕೆ ಇಳಿಸೋಣ ಎಂದೂ ಹೇಳಿದ್ದರು. ಅಂಕಿ ದಿನದಿನಕ್ಕೆ ಇಳಿಯತೊಡಗಿದಾಗ ನನಗೆ ಒಂಥರಾ ಅಮಲು ಏರಿತು. 61.0, 60.3, 59.5. ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟರೆ ಬೀಳುತ್ತಿದ್ದ ಗುಳಿ ಮೊದಲು ಒಂದು ನಿಮಿಷ ಉಳಿಯುತ್ತಿತ್ತು, ಈಗ ಹತ್ತು ಎಣಿಸುವಷ್ಟರಲ್ಲಿ ತುಂಬಿಕೊಳ್ಳುತ್ತಿತ್ತು. ಅಕ್ಕನ ಕಾಲಿನ ಗಂಟು ಎರಡು ವರ್ಷದ ಮೇಲೆ ಹೊರಗೆ ಕಾಣಿಸಿತು. 58 ಬಂದ ದಿನ ನಾನು ಫೋನ್ ಮಾಡಲಿಲ್ಲ. ಪಾದದಲ್ಲಿ ಇನ್ನೂ ತುಸು ಬಾವು ಇತ್ತಲ್ಲ. ಅದೂ ಹೋಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. 57.1. ಮರುದಿನ 56.4. ನೋಟ್‌ಬುಕ್ಕಿನಲ್ಲಿ ಆ ಅಂಕಿಯ ಪಕ್ಕ ನಾನು ಒಂದು ನಕ್ಷತ್ರವನ್ನೂ ಬರೆದಿದ್ದೇನೆ. ಅಳಿಸಿಲ್ಲ, ಈಗಲೂ ಇದೆ.

ಅಂದು ಹನ್ನೊಂದರ ಸುಮಾರಿಗೆ ಅಕ್ಕ ಕುರ್ಚಿಯಿಂದ ಎದ್ದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು, "ಯಾಕೋ ಕತ್ತಲೆಯಾಯಿತು ನೋಡು" ಎಂದಳು, ಹಾಗೇ ಗೋಡೆಗೆ ಜಾರಿಕೊಂಡು ನೆಲಕ್ಕೆ ಕುಳಿತಳು. ಬಿದ್ದಳು ಎನ್ನುವಂತಿರಲಿಲ್ಲ, ಬಟ್ಟೆ ಹಗ್ಗದಿಂದ ಜಾರಿದಂತೆ. ಕೈ ತಣ್ಣಗಿತ್ತು. ಆಸ್ಪತ್ರೆಯಲ್ಲಿ ರಕ್ತದೊತ್ತಡ 84ಕ್ಕೆ 50. ಮೂತ್ರಪಿಂಡ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.9 ಇದ್ದದ್ದು 1.7 ಆಗಿತ್ತು. ಇಷ್ಟಾದರೂ ಪಾದದ ಮೇಲೆ ಒತ್ತಿದರೆ ಸಣ್ಣ ಗುಳಿ ಬೀಳುತ್ತಲೇ ಇತ್ತು. ಒಳಗೆ ಬರ, ಹೊರಗೆ ಕೆಸರು. ವೈದ್ಯೆ ನೋಟ್‌ಬುಕ್ ತಿರುವಿ ನಕ್ಷತ್ರವನ್ನು ನೋಡಿದರು, ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆ ಕವಾಟದ ಹಿಂದೆ ಒಂದಿಷ್ಟು ನೀರು ನಿಂತಿರಲೇಬೇಕು. ನಿಂತರೆ ತಾನೇ ತೂರುವುದು? ನೀವು ಬಾವನ್ನಷ್ಟೇ ನೋಡಿದಿರಿ" ಎಂದರು. ಎಡಗಡೆ ಹೃದಯಕ್ಕೆ ಹೋಗಲು ರಕ್ತವೇ ಇಲ್ಲದಿದ್ದಾಗ ಅದು ಹಿಂಡುವುದಾದರೂ ಏನನ್ನು? ಸಿರೆಗಳನ್ನು ಹಿಗ್ಗಿಸುವ ಔಷಧಗಳನ್ನೂ ಇಂಥವರಿಗೆ ಹಿಂದೆಮುಂದೆ ನೋಡಿಯೇ ಕೊಡುವುದು ಇದೇ ಕಾರಣಕ್ಕೆ. ನೀರು ಹೆಚ್ಚಾದರೆ ಲಿವರ್ ಊದುತ್ತದೆ, ಕಡಿಮೆಯಾದರೆ ಮೂತ್ರಪಿಂಡ ಒಣಗುತ್ತದೆ. ಅತ್ತ ದರಿ, ಇತ್ತ ಪುಲಿ. ಅಕ್ಕನ ಮಟ್ಟಿಗೆ ಆ ಎರಡರ ನಡುವಿನ ಹಾದಿಯ ಅಗಲ ಒಂದೂವರೆ ಕಿಲೋ ಎಂದು ಆಮೇಲೆ ಗೊತ್ತಾಯಿತು. 58ರಿಂದ 59.5. ಪಾದದಲ್ಲಿ ಚೂರು ಬಾವು ಇರುತ್ತದೆ, ಇರಲಿ ಎಂದು ಬರೆದುಕೊಟ್ಟರು. ಆ 'ಇರಲಿ' ಎಂಬ ಮಾತನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಗುಣಪಡಿಸುವುದೆಂದರೆ ಕಣ್ಣಿಗೆ ಕಾಣುವ ಕೆಡುಕನ್ನು ಪೂರ್ತಿ ತೊಡೆಯುವುದು ಎಂದು ತಿಳಿದವರಿಗೆ, ಒಂದಿಷ್ಟು ಬಾವನ್ನು ಲೆಕ್ಕಹಾಕಿ ಉಳಿಸಿಕೊಳ್ಳುವುದು ನುಂಗಲಾರದ ತುತ್ತು.

ಕುತ್ತಿಗೆ ಸುಮ್ಮನಾದ ದಿನ

ಅಷ್ಟು ಪಾಠವಾದ ಮೇಲೂ ಇನ್ನೊಮ್ಮೆ ಮೋಸಹೋದೆ. ಕುತ್ತಿಗೆಯಲ್ಲಿ ಏನೋ ಪಟಪಟ ಎನ್ನುತ್ತದೆ, ಕನ್ನಡಿ ನೋಡಲು ಬೇಸರ ಎಂದು ಅಕ್ಕ ಆಗಾಗ ಹೇಳುತ್ತಿದ್ದಳು. ಒಂದು ಬೆಳಗ್ಗೆ ಅದು ನಿಂತಿತ್ತು. ನರ ಉಬ್ಬಿಯೇ ಇತ್ತು, ಚಿಮ್ಮುವುದಿಲ್ಲ. "ಔಷಧ ಹಿಡಿಯಿತು ಅನ್ನಿಸುತ್ತದೆ" ಎಂದು ನಾನೇ ಅಂದೆ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಕೂತಲ್ಲೇ ಸುಸ್ತು. ನಾಡಿ ಹಿಡಿದರೆ ಎಣಿಕೆಗೇ ಸಿಗದು. ಎರಡು ಬೇಗ, ಒಂದು ತಡ, ಮತ್ತೆ ಮೂರು ಒಟ್ಟಿಗೆ. ಇಸಿಜಿಯಲ್ಲಿ 138. ಮೇಲಿನ ಕೋಣೆ ಹಿಂಡುವುದನ್ನು ಬಿಟ್ಟು ಬರೀ ನಡುಗತೊಡಗಿತ್ತು, ಅದಕ್ಕೇ ಕುತ್ತಿಗೆಗೆ ಹೊಡೆತ ಬರುತ್ತಿರಲಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಉದ್ದ ಹೆಸರು.

ಈ ಕಾಯಿಲೆಗೆ ವೇಗ ಏಕೆ ಆಗಿಬರುವುದಿಲ್ಲ ಎನ್ನುವುದು ಸಣ್ಣ ಲೆಕ್ಕ. ನಿಮಿಷಕ್ಕೆ 70 ಬಾರಿ ಬಡಿಯುವಾಗ ಒಂದು ಬಡಿತಕ್ಕೆ ಸುಮಾರು 0.85 ಸೆಕೆಂಡು ಸಿಗುತ್ತದೆ. ಮೂರನೆಯ ಒಂದು ಭಾಗ ಹಿಂಡಲು, ಉಳಿದದ್ದು ತುಂಬಿಕೊಳ್ಳಲು. 140 ಆದರೆ ಸಿಗುವುದು 0.43. ಹಿಂಡುವ ಹೊತ್ತು ಅಷ್ಟೇನೂ ಕುಗ್ಗುವುದಿಲ್ಲ, ಕತ್ತರಿ ಬೀಳುವುದು ತುಂಬಿಕೊಳ್ಳುವ ಹೊತ್ತಿಗೆ. ಕಿಂಡಿ ಮೊದಲೇ ಕಿರಿದು, ಈಗ ಅದು ತೆರೆದಿರುವ ಗಳಿಗೆಯೂ ಕಿರಿದು. ಮೆಟೊಪ್ರೊಲಾಲ್ ಮತ್ತು ಡಿಗಾಕ್ಸಿನ್ ಕೊಟ್ಟು ವೇಗ ಇಳಿಸಿದರು. ನನಗೆ ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಸೊಗಸಾಗಿ ಕಂಡದ್ದು ಇದೇ: ಕವಾಟವನ್ನು ಮುಟ್ಟದೆ, ಅದಕ್ಕೆ ಬರೀ ಹೊತ್ತು ಕೊಡುವುದು. ಸೊಗಸಿಗೆ ಬೆಲೆಯೂ ಇತ್ತು. ನೀರಿನ ಮಾತ್ರೆಯಿಂದ ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ ವಿಷವಾಗುತ್ತದೆ, ಆದ್ದರಿಂದ ರಕ್ತಪರೀಕ್ಷೆ ಹೆಚ್ಚಿತು. ನಡುಗುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಬಂತು, ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಎಂದು ತೋರಿಸುವ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು ಎಂಬ ಇನ್ನೊಂದು ಹಾದಿ ಬಂತು. ಪದೇ ಪದೇ ಪರೀಕ್ಷೆ ಬೇಡದ ಹೊಸ ಔಷಧಗಳಿವೆಯಲ್ಲ ಎಂದು ಭಾವ ಕೇಳಿದರು. ರುಮ್ಯಾಟಿಕ್ ಕವಾಟದವರಿಗೆ ಹಳೆಯದೇ ಮೇಲು ಎಂದು 2022ರಲ್ಲಿ ಪ್ರಕಟವಾದ, ನಾಲ್ಕೂವರೆ ಸಾವಿರ ರೋಗಿಗಳ ಅಧ್ಯಯನ ತೋರಿಸಿತ್ತು. ಲಿವರ್ ಬಾತ ವಾರಗಳಲ್ಲಿ ಅದೇ ಪ್ರಮಾಣದ ವಾರ್ಫರಿನ್‌ಗೆ ಐಎನ್‌ಆರ್ 4 ದಾಟಿ ವಸಡಿನಲ್ಲಿ ರಕ್ತ ಬರುತ್ತಿತ್ತು. ನೀರು ಇಳಿದಾಗ ತಾನಾಗಿ ತಗ್ಗುತ್ತಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ತೂಕದ ಪಕ್ಕ ನಾಡಿ, ನಾಡಿಯ ಪಕ್ಕ ಐಎನ್‌ಆರ್. ನಕ್ಷತ್ರ ಬರೆಯುವುದನ್ನು ಮಾತ್ರ ನಿಲ್ಲಿಸಿದೆ.

ಐದು ತಿಂಗಳ ಮೇಲೆ ಪಕ್ಕೆಲುಬಿನ ಕೆಳಗೆ ನಾಲ್ಕು ಬೆರಳು ಸಿಗುತ್ತಿದ್ದ ಲಿವರ್ ಒಂದು ಬೆರಳಿಗೆ ಇಳಿಯಿತು, ಲಿವರ್ ಪರೀಕ್ಷೆಯ ಬಿಲಿರುಬಿನ್ ಸರಿಹೋಯಿತು. ಬಾತ ಲಿವರ್ ಇಟ್ಟುಕೊಂಡು ಎದೆ ತೆರೆದರೆ ರಕ್ತಸ್ರಾವ, ಸೋಂಕು ಎಲ್ಲವೂ ಹೆಚ್ಚು. ಅದಕ್ಕಾಗಿಯೇ ಇಷ್ಟು ದಿನ ಕಾದದ್ದು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಬಲಗಡೆಯ ಕವಾಟವನ್ನು ಆದರೆ ಬಿಡಿಸಿ ಉಳಿಸುವುದು, ಆಗದಿದ್ದರೆ ಬದಲಿಸುವುದು; ಬದಲಿಸುವುದಾದರೆ ಪ್ರಾಣಿಯ ಅಂಗಾಂಶದ್ದು. ಅಲ್ಲಿ ರಕ್ತದ ಹರಿವು ಮಂದವಾದ್ದರಿಂದ ಲೋಹದ್ದು ಬೇಗ ಹೆಪ್ಪುಗಟ್ಟಿ ಸಿಕ್ಕಿಕೊಳ್ಳುತ್ತದೆಯಂತೆ.

ಹಿಂದಿನ ದಿನ ವಾರ್ಡಿಗೆ ಅರಿವಳಿಕೆಯ ಕಿರಿಯ ವೈದ್ಯರೊಬ್ಬರು ಫಾರಂ ಹಿಡಿದು ಬಂದರು. ಹೆಸರು, ವಯಸ್ಸು, ಅಲರ್ಜಿ, ಕಟ್ಟಿಸಿದ ಹಲ್ಲು ಇದೆಯೇ ಎಂದೆಲ್ಲ ತಲೆ ಎತ್ತದೆ ಬರೆದುಕೊಳ್ಳುತ್ತಾ ಹೋದರು. "ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಮ್ಮ?"

"ಒಂದೇ" ಎಂದಳು ಅಕ್ಕ. "ಆದರೆ ಅದನ್ನು ನಂಬಬೇಡಿ."

ಪೆನ್ನು ನಿಂತಿತು. ಅವರು ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದರು, ಆಮೇಲೆ ನನ್ನನ್ನು. ನಾನು ನೋಟ್‌ಬುಕ್ ತೆಗೆದು ಅವರ ಕೈಗೆ ಕೊಟ್ಟೆ.